ಕಷ್ಟದ ಪದಕ್ಕಿಂತ ಸುಲಭದ್ದೇ ತೊಡಕು

ಮಾನ್ಯ ಸಂಪಾದಕರೇ,

ಸಂಶೋಧಕರು ಇಂಗ್ಲಿಷಿನಲ್ಲಿ ಮಾತಾಡಿದರೆ ಇಂಗ್ಲಿಷ್ ಬಲ್ಲವರಿಗೂ ಅರ್ಥವಾಗುವುದಿಲ್ಲ. ಕಷ್ಟದ ಪದಗಳೇ ಕಾರಣ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ, ಸುಲಭದ ಪದಗಳೇ ಜಾಸ್ತಿ ಕೈಕೊಡುತ್ತವೆ. ‘ಸಿಗ್ನಿಫಿಕೆಂಟ್’ ಅಂದರೆ ನಮಗೆ ದೊಡ್ಡದು, ಮುಖ್ಯವಾದದ್ದು. ಅಂಕಿಅಂಶದವರಿಗೆ ಅದು ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದ್ದು, ಎಷ್ಟೇ ಚಿಕ್ಕದಿರಲಿ. ‘ಪಾಸಿಟಿವ್ ಫೀಡ್‌ಬ್ಯಾಕ್’ ನಮಗೆ ಹೊಗಳಿಕೆ. ಹವಾಮಾನ ವಿಜ್ಞಾನಿಗೆ ಅದು ಹಿಮ ಕರಗಿ, ಕೆಳಗಿನ ನೆಲ ಬಿಸಿಲು ಹೀರಿ, ಇನ್ನಷ್ಟು ಹಿಮ ಕರಗುವ ಸುತ್ತು. ಇದರಲ್ಲಿ ಹೊಗಳುವುದೇನಿದೆ, ಅಲ್ವಾ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ ಸ್ಪರ್ಧೆಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಒಂದೇ ಸ್ಲೈಡ್ ಇಟ್ಟುಕೊಂಡು 3 ನಿಮಿಷದಲ್ಲಿ ತಮ್ಮ ಪ್ರಬಂಧವನ್ನು ವಿವರಿಸಬೇಕು. ಬರವಣಿಗೆಗೂ ಇಂಥ ಕಡಿವಾಣ ಬೇಕು. ಸುಮ್ನೆ ‘ಇಟ್ ವಾಸ್ ಅಬ್ಸರ್ವ್ಡ್’ ಅನ್ನುವ ಬದಲು ಯಾರು, ಏನನ್ನು ನೋಡಿದರು ಅಂತ ನೇರವಾಗಿ ಬರೆಯಲಿ.

– ಒಬ್ಬ ಓದುಗ