ಆ ಜಾಹೀರಾತಿನ ಜಾಗದಲ್ಲಿ ಆಸ್ಪತ್ರೆಯ ಸಮಯ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಕಿರು ಜಾಹೀರಾತಿನ ಪುಟದಲ್ಲಿ, ಬಾಡಿಗೆ ಮನೆ ಮತ್ತು ಹಳೇ ಟ್ರ್ಯಾಕ್ಟರ್ ನಡುವೆ, ‘ಶೀಘ್ರ ಸ್ಖಲನಕ್ಕೆ ಶಾಶ್ವತ ಪರಿಹಾರ, 15 ದಿನದಲ್ಲಿ ಗ್ಯಾರಂಟಿ’ ಅಂತ ಇತ್ತು. ಕೆಳಗೆ ಮೊಬೈಲ್ ನಂಬರು. ನೋಡಿ ಸುಮ್ನೆ ಇರಲು ಆಗಲಿಲ್ಲ. ಐದು ವರ್ಷದ ಹಿಂದೆ ಇಂಥದ್ದೇ ಒಂದು ನಂಬರಿಗೆ ಫೋನ್ ಮಾಡಿದವನು ನಾನು.

ನಾನು ರಾಣೆಬೆನ್ನೂರಿನಲ್ಲಿ ಟೈಲರ್. ಮದುವೆಯಾಗಿ ಹನ್ನೊಂದು ವರ್ಷ ಈ ವಿಷಯದಲ್ಲಿ ಯಾವ ತೊಂದರೆಯೂ ಇರಲಿಲ್ಲ. 39ನೇ ವಯಸ್ಸಿನಲ್ಲಿ ಶುರುವಾಯಿತು. ಕೂಡಿದ ಒಂದು ನಿಮಿಷದೊಳಗೇ ಮುಗಿದುಹೋಗುತ್ತಿತ್ತು, ತಡೆಯಲು ಆಗುತ್ತಿರಲಿಲ್ಲ. ಒಂದೆರಡು ಸಲ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ತಿಂಗಳುಗಟ್ಟಲೆ ಹಾಗೇ ಆಯಿತು. ಬೇಕಂತಲೇ ಅಂಗಡಿ ಬಾಗಿಲು ತಡವಾಗಿ ಹಾಕುತ್ತಿದ್ದೆ, ಹೋಗುವಷ್ಟರಲ್ಲಿ ಹೆಂಡತಿ ಮಲಗಿರಲಿ ಅಂತ. ನನಗೆ ಬೇರೆ ಯಾರೋ ಇದ್ದಾರೆ ಅಂದುಕೊಂಡು ಅವಳು ಎಷ್ಟು ರಾತ್ರಿ ಅತ್ತಿದ್ದಳೋ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಆ ನಂಬರಿನವರು ಒಂದು ಲಾಡ್ಜ್ ರೂಮಿಗೆ ಕರೆದರು. ಅಲ್ಲಿದ್ದವನು ನಾಡಿ ಹಿಡಿದು, ಹುಡುಗನಾಗಿದ್ದಾಗ ಮಾಡಿದ ಹಸ್ತಮೈಥುನದಿಂದ ನರ ಸತ್ತಿವೆ ಅಂದ. 14,000 ರೂಪಾಯಿ ತಗೊಂಡ. ಮಗಳ ಸ್ಕೂಲ್ ಫೀಗೆ ಎತ್ತಿಟ್ಟ ದುಡ್ಡು ಅದು. ಪುಡಿಯನ್ನು ಹಾಲಲ್ಲಿ ಕಲಸಿ 40 ದಿನ ಕುಡಿದೆ. ಏನೂ ಆಗಲಿಲ್ಲ.

ನಿಜ ಏನು ಅಂತ ಗೊತ್ತಾಗಿದ್ದು ಒಂದು ಸೂಜಿಯಿಂದ. ಸಂಜೆ ಕಾಜಾ ಮಾಡಲು ಕೂತಿದ್ದೆ. ದಾರ ಪೋಣಿಸಲು ಹೋದರೆ ಮೂರು ಸಲ ತಪ್ಪಿತು. ಎದುರಿಗೆ ಹುಕ್ ಹಚ್ಚುತ್ತಿದ್ದ ಹೆಂಡತಿ, ‘ಯಾಕ್ರೀ, ಕೈ ಹಿಂಗ್ಯಾಕ ನಡುಗಾಕತ್ತಾವು?’ ಅಂದಳು. ಆಗ ಒಂದೊಂದೇ ನೆನಪಾಯಿತು. ನನ್ನ ಪ್ಯಾಂಟಿನ ಸೊಂಟವನ್ನು ನಾನೇ ಎರಡು ಸಲ ಒಳಗೆ ಹಿಡಿದಿದ್ದೆ, 34 ಇದ್ದದ್ದು 31ಕ್ಕೆ ಬಂದಿತ್ತು. ಫ್ಯಾನ್ ಕೆಳಗೂ ಬೆವರು. ಕೂತಲ್ಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಮರುದಿನ ಅವಳೇ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದಳು. ಕೈ ನಡುಕದ ಮಾತೆಲ್ಲ ಮುಗಿದ ಮೇಲೆ ಧೈರ್ಯ ಮಾಡಿ, ‘ಸರ್, ಇನ್ನೊಂದು ತೊಂದರೆ ಐತ್ರಿ’ ಅಂದೆ. ಡಾಕ್ಟರು ನಗಲಿಲ್ಲ. ಮೊದಲಿನಿಂದಲೂ ಹೀಗೆಯೋ, ನಡುವೆ ಬಂದಿದ್ದೋ? ಗಟ್ಟಿತನ ಸರಿಯಾಗಿ ಬರುತ್ತದೆಯೋ? ಉಚ್ಚೆ ಉರಿ ಇದೆಯೋ? ಏನಾದರೂ ಮಾತ್ರೆ ನುಂಗುತ್ತಿದ್ದೀರೋ? ಇಷ್ಟು ಕೇಳಿ ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ಜಾಸ್ತಿಯಾಗಿತ್ತು. ಮಾತ್ರೆ ಶುರುವಾಗಿ ಐದು ತಿಂಗಳಲ್ಲಿ ಕೈ ನಡುಕ ನಿಂತಿತು. ಅದರ ಜೊತೆಗೇ ಆ ತೊಂದರೆಯೂ ಹೋಯಿತು.

ಎಲ್ಲರಿಗೂ ಥೈರಾಯ್ಡೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಮೊದಲ ದಿನದಿಂದಲೇ ಹೀಗಿರುತ್ತದಂತೆ. ಕೆಲವರಿಗೆ ಟೆನ್ಶನ್ನು, ಕೆಲವರಿಗೆ ಪ್ರಾಸ್ಟೇಟ್ ಗ್ರಂಥಿಯ ಸೋಂಕು. ಗಟ್ಟಿತನ ಕಡಿಮೆಯಾಗಿ, ಅದು ಹೋಗಿಬಿಡುತ್ತದೆ ಅನ್ನೋ ಹೆದರಿಕೆಗೇ ಆತುರ ಪಡುವವರೂ ಇದ್ದಾರೆ. ಹೊಸದಾಗಿ ಮದುವೆಯಾದವರಿಗೆ ಮೊದಮೊದಲು ಬೇಗ ಆಗುವುದು ರೋಗವೇ ಅಲ್ಲ. ಐದು ದೇಶಗಳ 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು 2005ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಅದರಲ್ಲಿ ಕೂಡಿದಾಗಿನಿಂದ ಸ್ಖಲನದವರೆಗೆ ಅರ್ಧದಷ್ಟು ಜೋಡಿಗಳಿಗೆ ಐದೂವರೆ ನಿಮಿಷವೂ ಹಿಡಿದಿಲ್ಲ. ಮೊಬೈಲ್ ವಿಡಿಯೋ ನೋಡಿ ಅರ್ಧ ಗಂಟೆ ಬೇಕು ಅಂದುಕೊಂಡು ಕೊರಗುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು ಅಲ್ವಾ? ಸೂಟಿನ ಅಳತೆಗೆ ಬರುವ ಮದುಮಕ್ಕಳಲ್ಲಿ ಒಬ್ಬಿಬ್ಬರು ಅಂಗಡಿ ಖಾಲಿಯಾಗಲಿ ಅಂತ ಕಾದು ನನ್ನ ಹತ್ತಿರ ಇದನ್ನೇ ಕೇಳಿದ್ದಾರೆ.

ಆರು ತಿಂಗಳಾದರೂ ಹಾಗೇ ಇದ್ದರೆ, ಮನಸ್ಸಿಗೆ ಹಿಂಸೆಯಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಚೆನ್ನಾಗಿದ್ದವರಿಗೆ ನಡುವೆ ಶುರುವಾದರೆ, ಉರಿ, ನೋವು, ಗಟ್ಟಿತನದ ತೊಂದರೆ ಜೊತೆಗಿದ್ದರೆ ಅಷ್ಟು ದಿನ ಕಾಯಲೇಬೇಡಿ. ಮೊದಲು ಮಾಮೂಲಿ ಡಾಕ್ಟರೇ ಸಾಕು. ಬೇಕಾದರೆ ಅವರೇ ಮೂತ್ರರೋಗದ ಡಾಕ್ಟರಿಗೋ ಮನೋವೈದ್ಯರಿಗೋ ಕಳಿಸುತ್ತಾರೆ. ನಿಲ್ಲಿಸಿ ಮತ್ತೆ ಶುರುಮಾಡುವ ಅಭ್ಯಾಸ, ಹಚ್ಚುವ ಮುಲಾಮು, ಮಾತ್ರೆ ಎಲ್ಲವೂ ಇವೆ. ಆದರೆ ಮಾತ್ರೆಯನ್ನು ಡಾಕ್ಟರು ಬರೆದುಕೊಡದೆ ನುಂಗಬಾರದು. ಇಂಥ ‘ಗಿಡಮೂಲಿಕೆ’ ಪುಡಿಗಳಲ್ಲಿ ವಯಾಗ್ರದ ಔಷಧಿಯನ್ನೇ ಬೆರೆಸಿದ್ದು ಎಷ್ಟೋ ಕಡೆ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಅದನ್ನು ತಿಂದರೆ ಬಿಪಿ ಕುಸಿದು ಜೀವವೇ ಹೋಗಬಹುದು.

1954ರಲ್ಲೇ ಇದಕ್ಕೊಂದು ಕಾಯ್ದೆ ಬಂದಿದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಂತ. ಲೈಂಗಿಕ ಸುಖದ ಶಕ್ತಿ ಹೆಚ್ಚಿಸುವ ಔಷಧಿ ಎಂದು ಯಾರೂ ಜಾಹೀರಾತು ಕೊಡುವಂತಿಲ್ಲ. ಕೊಡುವವರಷ್ಟೇ ಅಲ್ಲ, ಅದರ ಪ್ರಕಟಣೆಯಲ್ಲಿ ಭಾಗಿಯಾಗುವುದೂ ತಪ್ಪು. ನಾನು ಇಪ್ಪತ್ತು ವರ್ಷದಿಂದ ನಿಮ್ಮ ಪತ್ರಿಕೆ ತರಿಸುತ್ತಿದ್ದೇನೆ, ಆ ಸಲಿಗೆಯಿಂದ ಕೇಳುತ್ತೇನೆ. ಆ ಜಾಹೀರಾತನ್ನು ಇನ್ನು ಮೇಲೆ ತಗೋಬೇಡಿ. ಅದೇ ಜಾಗದಲ್ಲಿ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಹಾಕಿ. ಎರಡು ಸಾಲು ಸಾಕು.

ಮಗಳು ಹೈಸ್ಕೂಲಿನಲ್ಲಿದ್ದಾಳೆ, ಆದ್ದರಿಂದ ಹೆಸರು ಹಾಕುತ್ತಿಲ್ಲ. ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿಯೇ ಕಳಿಸುತ್ತಿದ್ದೇನೆ.

ಇಂತಿ,
ಒಬ್ಬ ಟೈಲರ್, ರಾಣೆಬೆನ್ನೂರು