ಕಂಬ ನೆಡುವಾಗಲೇ ನೋಡಬಾರದೇ?

ಸಂಪಾದಕರೇ,

ಬೆಳಗಾವಿ ಸುತ್ತಮುತ್ತ ಅನಧಿಕೃತ ಬಡಾವಣೆ ತೆರವು ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಜೆಸಿಬಿ ಹೋಗಿ ಸಿಮೆಂಟ್ ಕಂಬ ಕಿತ್ತ ಫೋಟೋನೂ ಇರುತ್ತದೆ. ನನ್ನ ಪ್ರಶ್ನೆ ಅದಕ್ಕೂ ಮುಂಚಿನದು. ಆ ಕಂಬ ನೆಡುವಾಗ ಯಾರಿಗೂ ಗೊತ್ತಾಗಲಿಲ್ವಾ?

ನಮ್ಮ ಕಡೆ ಬಾಂಡ್ ಪ್ಲಾಟ್ ಅಂದರೆ ಎಲ್ಲರಿಗೂ ಗೊತ್ತು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಹೊಲವನ್ನು ಗುಂಠೆ ಲೆಕ್ಕದಲ್ಲಿ ತುಂಡು ಮಾಡಿ, ನೂರು ರೂಪಾಯಿ ಬಾಂಡ್ ಮೇಲೆ ಬರೆದುಕೊಡುತ್ತಾರೆ. ನೋಂದಣಿ ಇಲ್ಲ, ಹಾಗಾಗಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಏನೂ ಕಾಣಿಸುವುದಿಲ್ಲ. ಉತಾರ, ಅಂದರೆ ಪಹಣಿ, ಹಳೇ ರೈತನ ಹೆಸರಲ್ಲೇ ಇರುತ್ತದೆ. ಕಂಪ್ಯೂಟರ್ ಮುಂದೆ ಕೂತವರ ಪಾಲಿಗೆ ಅದು ಇನ್ನೂ ಭತ್ತದ ಗದ್ದೆ. ಕೊಂಡವರು ಯಾರು? ಬಹುತೇಕ ವಡಗಾವಿಯ ಮಗ್ಗದವರು, ಉದ್ಯಮಬಾಗದ ಫೌಂಡ್ರಿಗೆ ಹೋಗುವವರು. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಸೈಟಿಗೆ ಕಾಯೋಣ ಅಂದರೆ ಅದರ ಕಣಬರ್ಗಿ ಬಡಾವಣೆ ಯೋಜನೆ ಎಷ್ಟು ವರ್ಷ ಎಳೆಯಿತು ಅನ್ನೋದನ್ನು ಊರೆಲ್ಲ ನೋಡಿದೆ. ಅವರನ್ನು ಬೈದು ಪ್ರಯೋಜನ ಇಲ್ಲ.

ಆದರೆ ಹೊಲವನ್ನು ನೋಡುವವರು ಇದ್ದಾರೆ. ಹಂಗಾಮು ಬಂದಾಗ ಸರ್ಕಾರ ಬೆಳೆ ಸಮೀಕ್ಷೆ ಮಾಡಿಸುತ್ತದೆ. ರೈತರೇ ಆ್ಯಪ್‌ನಲ್ಲಿ ಹಾಕಬಹುದು, ಹಾಕದಿದ್ದರೆ ಊರಿನ ಹುಡುಗರು ಮೊಬೈಲ್ ಹಿಡಿದು ಹೊಲಕ್ಕೇ ಹೋಗಿ, ಸರ್ವೆ ನಂಬರ್ ಹಿಸ್ಸಾ ಪ್ರಕಾರ ಯಾವ ಬೆಳೆ ಅಂತ ತುಂಬಿ, ಫೋಟೋ ತೆಗೆದು ಕಳಿಸುತ್ತಾರೆ. ಹೋದ ಮುಂಗಾರಿನಲ್ಲಿ ಭತ್ತ ಇದ್ದ ಕಡೆ ಈ ಸಲ ಗರಸಿನ ರಸ್ತೆ, ಸಾಲು ಕಂಬ ಇದ್ದರೆ ಅದೇ ಫೋಟೋದಲ್ಲಿ ಕಾಣಬೇಕಲ್ಲ! ಆ ಮಾಹಿತಿ ಬುಡಾ ಟೇಬಲ್ಲಿಗೆ ಬಂದು, ಅದನ್ನು ಹಿಡಿದು ಯಾರಾದರೂ ಜಾಗಕ್ಕೆ ಹೋದದ್ದನ್ನು ನಾನಂತೂ ಕೇಳಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳಲ್ಲಿ ನಮ್ಮದೂ ಬಂತು, ಕಮಾಂಡ್ ಸೆಂಟರ್ ಕೂಡ ಆಯಿತು. ಕ್ಯಾಮೆರಾ ಎಲ್ಲ ಚೌಕದ ಕಡೆಗೇ ಮುಖ ಮಾಡಿವೆ. ಊರು ಬೆಳೆಯುತ್ತಿರುವುದು ಮಾತ್ರ ಹೊರಗಿನ ಹೊಲಗದ್ದೆಯ ಶಿವಾರದಲ್ಲಿ.

ತಡವಾದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮೂರಿನ ಬಳ್ಳಾರಿ ನಾಲಾ ನೋಡಿದರೆ ಸಾಕು. ಶಹಾಪುರ, ವಡಗಾವಿ, ಯಳ್ಳೂರ ಕಡೆಯ ಬಾಸುಮತಿ ಗದ್ದೆಗಳಿಗೆ ಮಳೆಗಾಲದಲ್ಲಿ ಅದರ ನೀರು ನುಗ್ಗುತ್ತದೆ. ಅಂಥ ತಗ್ಗಿಗೆ ಮಣ್ಣು ತುಂಬಿ ಪ್ಲಾಟ್ ಮಾಡಿದರೆ ನೀರು ಪಕ್ಕದವರ ಮನೆಗೆ ಹೋಗುತ್ತದೆ. 2019ರ ಆಗಸ್ಟ್ ಮಳೆಗೆ ಊರೊಳಗೆ ನೀರು ನುಗ್ಗಿದ್ದು ನೆನಪಿದೆಯಲ್ಲ.

ವ್ಯಾಪಾರದ ಜಾಗದ ಕತೆಯೂ ಹೀಗೇ. ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಳದಿ ಅಂದರೆ ವಾಸ, ನೀಲಿ ಅಂದರೆ ವ್ಯಾಪಾರ, ನೇರಳೆ ಅಂದರೆ ಕೈಗಾರಿಕೆ. ಹಳದಿಯಲ್ಲಿ ಮನೆ ಅಂತ ಪರವಾನಗಿ ತೆಗೆದು ಕೆಳಗೆ ಗೋಡೌನ್, ಮೇಲೆ ಕೋಚಿಂಗ್ ಕ್ಲಾಸು. ಇತ್ತ ಮಂಜೂರಾದ ಬಡಾವಣೆಗಳಲ್ಲಿ ಎಷ್ಟೋ ಪ್ಲಾಟು ಕಾಂಗ್ರೆಸ್ ಕಸ ಬೆಳೆದು ಸುಮ್ನೆ ಬಿದ್ದಿವೆ. ಇವುಗಳ ಲೆಕ್ಕ ಹಿಡಿಯದೆ ಇನ್ನೂ ಜಾಗ ಬೇಕು ಅಂತ ಮತ್ತೊಂದು ಗದ್ದೆಗೆ ಕೈ ಹಾಕುವುದು ಯಾವ ನ್ಯಾಯ?

ದೊಡ್ಡದೇನೂ ಕೇಳುತ್ತಿಲ್ಲ. ಬೆಳೆ ಸಮೀಕ್ಷೆಯಲ್ಲಿ ಬೆಳೆ ಕಾಣದ ಸರ್ವೆ ನಂಬರ್‌ಗಳ ಪಟ್ಟಿ ಆಯಾ ಹಂಗಾಮಿಗೆ ಬುಡಾ ಮತ್ತು ಪಾಲಿಕೆಗೆ ಹೋಗಲಿ. ಬೀಳು ಹೊಲ ಯಾವುದು, ಪ್ಲಾಟ್ ಯಾವುದು ಅಂತ ಒಬ್ಬ ಸರ್ವೇಯರ್ ಹೋಗಿ ನೋಡಿ ಬರಲಿ. ಎನ್‌ಎ ಆಗಿಲ್ಲ ಅನ್ನೋ ಬೋರ್ಡು ಆ ಜಾಗದಲ್ಲೂ, ಪಂಚಾಯ್ತಿ ಗೋಡೆ ಮೇಲೂ ಬೀಳಲಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಅಷ್ಟಿದ್ದರೆ ಕೊಳ್ಳುವವನು ಪಟ್ಟಿ ಜೊತೆ ತಾಳೆ ನೋಡಿಕೊಳ್ಳುತ್ತಾನೆ. ಇದಕ್ಕೆ ಹೊಸ ಆ್ಯಪ್ ಬೇಡ, ಟೆಂಡರೂ ಬೇಡ. ಮುಂದಿನ ಮುಂಗಾರು ಸಮೀಕ್ಷೆಯಿಂದಲೇ ಶುರು ಮಾಡಬಹುದು.

ಒಬ್ಬ ಓದುಗ, ವಡಗಾವಿ, ಬೆಳಗಾವಿ