ಬೆನ್ನು ನೋವೆನ್ನುವ ಮಗುವಿಗೆ ಒಂದು ಎಕ್ಸ್‌ರೇ ಬೇಡವೇ?

ಮಾನ್ಯ ಆರೋಗ್ಯ ಸಚಿವರಿಗೆ, ಬೆಂಗಳೂರಿನ ವಿಜಯನಗರದಿಂದ ನಮಸ್ಕಾರಗಳು.

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಮಗನ ಎತ್ತರದ ಪೆನ್ಸಿಲ್ ಗೀಟುಗಳಿವೆ. ಪ್ರತಿ ಯುಗಾದಿಗೆ, ಎಣ್ಣೆ ಸ್ನಾನ ಆದಮೇಲೆ ಒಂದು ಗೀಟು. ಅವನಿಗೆ ಹತ್ತು ತುಂಬಿದ ವರ್ಷ ತಲೆ ಹಳೆಯ ಗೀಟಿಗಿಂತ ಅರ್ಧ ಬೆರಳು ಕೆಳಗಿತ್ತು. ನೆಟ್ಟಗೆ ನಿಂತ್ಕೊಳ್ಳೋ ಎಂದು ಗದರಿದೆ. ‘ನೆಟ್ಟಗೇ ನಿಂತಿದೀನಮ್ಮ’ ಅಂದ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದಕ್ಕೂ ಆರು ತಿಂಗಳ ಮೊದಲಿನಿಂದ ಅವನಿಗೆ ಬೆನ್ನುನೋವು. ಮೆಟ್ಟಿಲು ಹತ್ತಲು ಕಂಬಿ ಹಿಡಿಯುತ್ತಿದ್ದ. ತೋರಿಸಿದ ಕಡೆಯೆಲ್ಲ ‘ಬೆಳೆಯೋ ಮಕ್ಕಳಿಗೆ ಇದೆಲ್ಲ ಮಾಮೂಲು’ ಎಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಕೊನೆಗೊಬ್ಬರು ಎಕ್ಸ್‌ರೇ ತೆಗೆಸಿದರು. ಬೆನ್ನೆಲುಬಿನಲ್ಲಿ ಮೂರು ಮೂಳೆಗಳು ಕುಸಿದು ಚಪ್ಪಟೆಯಾಗಿದ್ದವು. ಮಗು ಎಲ್ಲೂ ಬಿದ್ದಿರಲಿಲ್ಲ.

ರಕ್ತದ ಕ್ಯಾನ್ಸರ್, ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ವಿಟಮಿನ್ ಡಿ ಕೊರತೆ, ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವ ಕಾಯಿಲೆ, ಒಂದೊಂದೂ ಅಲ್ಲ ಎಂದು ಖಚಿತವಾದ ಮೇಲೆ ಉಳಿದ ಹೆಸರು ಇಡಿಯೋಪಥಿಕ್ ಜುವೆನೈಲ್ ಆಸ್ಟಿಯೋಪೊರೋಸಿಸ್. ಅಂದರೆ ಕಾರಣ ಗೊತ್ತಾಗದ ಮೂಳೆ ಸವೆತ. ಅಪರೂಪದ್ದು, ಹೆಚ್ಚಾಗಿ 8ರಿಂದ 12 ವರ್ಷದೊಳಗೆ ಶುರುವಾಗುತ್ತದೆ. ಬಹಳಷ್ಟು ಮಕ್ಕಳಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ತಾನಾಗಿಯೇ ಸುಧಾರಿಸುತ್ತದೆ. ಆದರೆ ಅಷ್ಟರಲ್ಲಿ ಬಾಗಿದ ಬೆನ್ನು ಬಾಗಿಯೇ ಉಳಿಯಬಹುದು. ನನ್ನ ಆತುರವೆಲ್ಲ ಅದಕ್ಕೇ.

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನ ಮೊದಲ ವರದಿಯಲ್ಲಿ ನನ್ನ ಮಗನ ಮೂಳೆಯನ್ನು ದೊಡ್ಡವರ ಮೂಳೆಗೆ ಹೋಲಿಸಿದ್ದರು! ಮಕ್ಕಳಿಗೆ ಅದೇ ವಯಸ್ಸಿನ ಮಕ್ಕಳೊಂದಿಗೆ ಹೋಲಿಸುವ ಝಡ್ ಸ್ಕೋರ್ ಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಾದರೂ ವರದಿ ಹೀಗೇ ಬರಬೇಕೆಂದು ಆದೇಶಿಸಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗಳಿಗೆ ಬಂದು ತೂಕ, ಎತ್ತರ ನೋಡುತ್ತಾರಲ್ಲ, ಅವರು ಇನ್ನೆರಡು ಪ್ರಶ್ನೆ ಕೇಳಲಿ: ಬೆನ್ನು ನೋಯುತ್ತದೆಯೇ, ಇದುವರೆಗೆ ಎಷ್ಟು ಸಲ ಮೂಳೆ ಮುರಿದಿದೆ? ಹತ್ತು ವರ್ಷದೊಳಗೆ ಕೈಕಾಲಿನ ಉದ್ದ ಮೂಳೆ ಎರಡು ಸಲ ಮುರಿದರೂ ಪರೀಕ್ಷಿಸಬೇಕು. ಮುಂದೆ ಎಲ್ಲಿಗೆ ಕಳಿಸುವುದೆಂಬ ಚಿಂತೆಯಿಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿದ ಉತ್ಕೃಷ್ಟತಾ ಕೇಂದ್ರ ಇದೇ ಊರಿನಲ್ಲಿದೆ. ಮಗು ಅಲ್ಲಿಯವರೆಗೆ ತಲುಪುವ ದಾರಿಯೊಂದೇ ಆಗಬೇಕಿರುವುದು.

ಹತ್ತು ನಿಮಿಷ ಸಮಯ ಕೊಡಿ ಸರ್. ಎಕ್ಸ್‌ರೇ ಫಿಲಂ ಹಿಡಿದು ಕರೆದ ಕಡೆ ಬರುತ್ತೇನೆ.

ಇತಿ,
ವಿಜಯನಗರದ ಒಬ್ಬ ತಾಯಿ